ಆರಿ, ದಬ್ಬಣ, ಉಳಿ: ಮೂರೂ ಒಂದೇನಾ?

ಪ್ರಶ್ನೆ (ದಾವಣಗೆರೆ)
ಮೂರು ತಿಂಗಳಿಂದ ಬ್ಲೌಸಿಗೆ ಆರಿ ವರ್ಕ್ (ಆರಿ ಅನ್ನುವ ಸೂಜಿಯ ಕಸೂತಿ) ಕಲಿಯುತ್ತಿದ್ದೇನೆ. ನಿನ್ನೆ ಕಿತ್ತ ಚಪ್ಪಲಿ ಹೊಲಿಸಲು ಹೋದಾಗ ಅಲ್ಲಿನ ಅಜ್ಜ ಮೊಮ್ಮಗನಿಗೆ "ಆರಿ ಕೊಡೋ" ಅಂದರು. ಅವನು ಕೊಟ್ಟಿದ್ದು ಮರದ ಹಿಡಿಯ ಚೂಪು ಕಬ್ಬಿಣದ ಕಡ್ಡಿ. ನಮ್ಮ ಸೂಜಿಗೂ ಅದಕ್ಕೂ ಒಂದೇ ಹೆಸರು ಹೇಗೆ? ಅಮ್ಮ ಅದನ್ನು ದಬ್ಬಣ ಅನ್ನುತ್ತಾರೆ, ಪಕ್ಕದ ಮನೆಯವರು ಉಳಿ ಅಂತಾರೆ.

ಉತ್ತರ (ತೀರ್ಥಹಳ್ಳಿ)
ದಬ್ಬಣ ಬೇರೆ. ನಾವು ಅಡಿಕೆ ಚೀಲದ ಬಾಯಿ ಹೊಲಿಯೋದು ಅದರಲ್ಲಿ. ಹಿಡಿ ಇರಲ್ಲ, ಹಿಂದೆ ಕಣ್ಣಿರುತ್ತೆ, ಸುತಲಿ ಪೋಣಿಸಬೇಕು.

ಉತ್ತರ (ಅಥಣಿ)
ಅಕ್ಕಾರ, ಅಜ್ಜ ಅಂದದ್ದು ಖರೇ ಐತ್ರಿ. ನಮ್ಮಪ್ಪ ನಲವತ್ತು ವರ್ಷ ಕೊಲ್ಹಾಪುರಿ ಚಪ್ಪಲಿ ಹೊಲದಾರ, ನಾನು ಅವರ ಎದುರಿಗೆ ಕುಂತು ಕಲ್ತಾಂವ. ಆರಿ ಎರಡು ಥರ. ಒಂದು ಬರೀ ತೂತು ಹಾಕಾಕ. ಇನ್ನೊಂದರ ತುದಿ ಹತ್ರ ಸಣ್ಣ ಕಚ್ಚು ಇರ್ತೈತಿ. ಮ್ಯಾಲಿಂದ ಚುಚ್ಚತೀವಿ, ಕೆಳಗ ಎಡಗೈಯಾಗ ಮೇಣ ತಿಕ್ಕಿದ ದಾರ ಹಿಡದು ಕಚ್ಚಿಗೆ ಸಿಗಸ್ತೀವಿ, ಎಳದ್ರ ಅದೇ ತೂತಿನಾಗ ಮ್ಯಾಲೆ ಬರ್ತೈತಿ. ನಿಮ್ಮದೂ ಹಿಂಗ ಅಲ್ಲೇನ್ರಿ? ಗುಜರಾತಿನ ಕಛ್‌ನ ಮೋಚಿಗಳು, ಅಂದ್ರ ಚರ್ಮ ಹೊಲಿಯಾವ್ರು, ಚರ್ಮದ ಆರೀನ ಸಣ್ಣದು ಮಾಡಿ ರೇಷ್ಮಿ ಮ್ಯಾಲೆ ಸರಪಳಿ ಹೊಲಿಗಿ ಹಾಕಿದ್ರು. ಹೆಸರು ಅಲ್ಲಿಂದ ಬಂದೈತಿ.

ಕೊಲ್ಹಾಪುರಿಗೆ ಮೊಳಿ ಹೊಡಿಯಂಗಿಲ್ಲ, ಚರ್ಮದ ಎಳಿಯಿಂದನ ಹೊಲಿಗಿ. ತೂತು ಒಂಚೂರು ದೊಡ್ಡದಾದ್ರ ಸಡ್ಲ ಆಗ್ತೈತಿ. ಅಪ್ಪ ಚರ್ಮ ತೋಯಿಸಿ, ಆರಿ ತುದೀನ ಸಾಬೂನಿನ ತುಂಡಿಗೆ ಚುಚ್ಚಿ ತಗದು, ಆಮ್ಯಾಲೆ ತೂತು ಹಾಕತಿದ್ರು. ಹಿಡಿಕಿ ಒತ್ತಿ ಒತ್ತಿ ಅಂಗೈ ನಡುವ ಹುಣಸಿಬೀಜದಷ್ಟು ಜಡ್ಡು. 2019ರಾಗ ಕೊಲ್ಹಾಪುರಿಗೆ ಭೌಗೋಳಿಕ ಸೂಚಕ ಸಿಕ್ಕಾಗ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟಿ, ವಿಜಯಪುರಾನೂ ಅದರಾಗ ಇದ್ದವು. ಅಪ್ಪ ಆ ಜಡ್ಡು ತೋರಿಸಿ "ಇದಕ್ಕ ಸಿಕ್ಕೈತಿ" ಅಂದ್ರು.

ಉಳಿ ಅಂದ್ರ ಈಗ ಬಡಿಗ್ಯಾರದು. ಆದ್ರ ಚರ್ಮದ ಕೆಲಸ ಮಾಡತಿದ್ದ ವಚನಕಾರ ಮಾದಾರ ಚೆನ್ನಯ್ಯನ ಅಂಕಿತ ಶುರು ಆಗೋದ "ಕೈಯುಳಿ ಕತ್ತಿ ಅಡಿಗುಂಟ" ಅಂತ. ಪಕ್ಕದ ಮನಿಯವರದೂ ತಪ್ಪಲ್ರಿ.

ಪ್ರಶ್ನೆ ಕೇಳಿದವರು
ಅಣ್ಣಾ, ಈಗಷ್ಟೇ ಕನ್ನಡಕ ಹಾಕಿ ನೋಡಿದೆ, ನನ್ನ ಸೂಜಿಯಲ್ಲೂ ಕಚ್ಚಿದೆ! ಮೇಲೆಳೆಯುವಾಗ ಅದು ಬಟ್ಟೆಗೆ ಸಿಕ್ಕಿಕೊಳ್ಳುತ್ತದಲ್ಲ, ಏನು ಮಾಡಲಿ?

ಉತ್ತರ (ಅಥಣಿ)
ದಾರ ಸಿಗಿಸಿದ ಮ್ಯಾಲೆ ಅರ್ಧ ಸುತ್ತು ತಿರಗಸ್ರಿ. ಎಳಿಯುವಾಗ ಸೂಜಿ ಬೆನ್ನು ಬಟ್ಟಿಗೆ ಒತ್ತಿರಲಿ, ಕಚ್ಚಿನ ಕಡೆ ಜಾಗ ಆಗ್ತೈತಿ.