ಕಾರ್ಡಾನೊ ಸೂತ್ರದಲ್ಲಿ ಋಣ ಸಂಖ್ಯೆಯ ವರ್ಗಮೂಲ ಬಂದರೆ?

ಪ್ರಶ್ನೆ: ಎಕ್ಸ್³ − 15ಎಕ್ಸ್ − 4 = 0. ಎಕ್ಸ್ = 4 ಹಾಕಿದರೆ ಸರಿಹೋಗುತ್ತದೆ (64 − 60 − 4). ಆದರೆ ಘನ ಸಮೀಕರಣ ಬಿಡಿಸುವ ಕಾರ್ಡಾನೊ ಸೂತ್ರ ಹಾಕಿದರೆ 2 + √−121 ಮತ್ತು 2 − √−121ರ ಘನಮೂಲಗಳ ಮೊತ್ತ ಬರುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ 1: ತಪ್ಪಿಲ್ಲ. ಮೂರೂ ಮೂಲಗಳು ವಾಸ್ತವ ಮತ್ತು ಬೇರೆ ಬೇರೆ ಆಗಿದ್ದಾಗ ಹೀಗೇ ಆಗುವುದು. ಇಟಲಿಯ ಗಣಿತಜ್ಞ ಬೊಂಬೆಲ್ಲಿ 1572ರಲ್ಲಿ ಬಿಡಿಸಿದ್ದು ಇದೇ ಲೆಕ್ಕವನ್ನು: (2 + √−1)³ = 2 + √−121. ಹಾಗಾಗಿ ಘನಮೂಲಗಳು 2 + √−1, 2 − √−1, ಕೂಡಿದರೆ 4. ಎಷ್ಟು ಚೆಂದ ನೋಡಿ! ಉಳಿದೆರಡು ಮೂಲಗಳಿಗೆ ಸಮೀಕರಣವನ್ನು (ಎಕ್ಸ್ − 4)ರಿಂದ ಭಾಗಿಸಿ: ಎಕ್ಸ್² + 4ಎಕ್ಸ್ + 1 = 0, ಅಂದರೆ −2 ± √3.

ಉತ್ತರ 2: ಎಲ್ಲ ಸಲ ಘನಮೂಲ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಆಗ ಕೊಸೈನ್ ಹಿಡಿಯಿರಿ: ಎಕ್ಸ್ = 2√5 ಕಾಸ್ ಥೀಟಾ ಎಂದಿಟ್ಟರೆ ಕಾಸ್ 3ಥೀಟಾ = 0.1789. 3ಥೀಟಾ ಸುಮಾರು 79.70°, ಥೀಟಾ 26.57°. ಅದಕ್ಕೆ 120°, 240° ಕೂಡಿಸಿದರೆ ಉಳಿದೆರಡು ಮೂಲ.

ಉತ್ತರ 3: ಊಹೆಯನ್ನು ಇಳಿಜಾರಿನ ಸಹಾಯದಿಂದ ಹೆಜ್ಜೆಹೆಜ್ಜೆಗೆ ತಿದ್ದುವ ನ್ಯೂಟನ್ ವಿಧಾನದಲ್ಲಿ 5ರಿಂದ ಶುರುಮಾಡಿ: 4.2333, 4.0175, 4.0001. 2.2ರಿಂದ ಮಾತ್ರ ಬೇಡ. ಅಲ್ಲಿ ಇಳಿಜಾರು 3ಎಕ್ಸ್² − 15 ಬರೀ −0.48; ಒಂದೇ ಹೆಜ್ಜೆಗೆ −52.7ಕ್ಕೆ ಎಸೆದುಬಿಡುತ್ತದೆ.