ಲಿನಕ್ಸ್ ಮತ್ತೆ ಹಾಕಿದ ಮೇಲೆ ಲ್ಯಾಪ್‌ಟಾಪ್ ಏಳುತ್ತಲೇ ಇಲ್ಲ: ಅನುಭವ ಇದ್ದವರು ಹೇಳಿ

ಮುಲುಂಡ್‌ನಿಂದ (ಪ್ರಶ್ನೆ ನನ್ನದು): ನಮಸ್ಕಾರ. ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಲಿನಕ್ಸ್ ಹೊಸದಾಗಿ ಹಾಕಿದೆ. ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್ ಇವೆ, ವಿಂಡೋಸ್ ಇಲ್ಲ. ಪೆನ್ ಡ್ರೈವ್ ಕಿತ್ತು ಚಾಲೂ ಮಾಡಿದರೆ, ಬೂಟ್ ಆಗುವ ಸಾಧನವೇ ಇಲ್ಲ ಎಂಬ ಒಂದು ಸಾಲು ಕಪ್ಪು ಪರದೆಯ ಮೇಲೆ ಬರುತ್ತದೆ. ಪೆನ್ ಡ್ರೈವ್‌ನಿಂದಾದರೆ ಚೆನ್ನಾಗಿ ನಡೆಯುತ್ತದೆ. ಮಗಳ ಪ್ರಾಜೆಕ್ಟ್ ವರದಿ ಹಾರ್ಡ್ ಡಿಸ್ಕ್‌ನಲ್ಲಿದೆ. ಗ್ರಬ್ (ಲಿನಕ್ಸನ್ನು ಎಬ್ಬಿಸುವ ಪುಟ್ಟ ತಂತ್ರಾಂಶ) ಮತ್ತೆ ಹಾಕಿದರೆ ಸಾಕೇ, ಅಂಗಡಿಗೆ ಒಯ್ಯಬೇಕೇ?

ಡೊಂಬಿವಲಿಯಿಂದ: ಅಂಗಡಿಗೆ ಮಾತ್ರ ಒಯ್ಯಬೇಡಿ ಸರ್. ಇದೇ ಪರದೆ ಹೊತ್ತುಕೊಂಡು ನಾನು ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗೆ ಹೋಗಿದ್ದೆ. ಮುಚ್ಚಳ ಬಿಚ್ಚುವುದಕ್ಕೇ 500 ರೂಪಾಯಿ. ಆಮೇಲೆ ‘ಡಿಸ್ಕ್ ಸತ್ತಿದೆ’ ಎಂದ. ಹೊಸ ಎಸ್‌ಎಸ್‌ಡಿಗೆ 3,400, ಹಳೆಯದನ್ನು ಹೊರಗಿನಿಂದ ಜೋಡಿಸುವ ಡಬ್ಬಿಗೆ 450, ಡೇಟಾ ತೆಗೆದುಕೊಡುವುದಕ್ಕೆ ಮುಂಗಡ 2,000. ಮುಂಗಡ ಇವತ್ತಿಗೂ ವಾಪಸು ಬಂದಿಲ್ಲ. ಮನೆಗೆ ಬಂದು ಆ ‘ಸತ್ತ’ ಡಿಸ್ಕನ್ನು ಜೋಡಿಸಿದರೆ ಒಂದು ಕಡತವೂ ಹೋಗಿರಲಿಲ್ಲ! ಲಿನಕ್ಸ್ ಹಾಕುವಾಗ ನಾನು ತೋರಿಸಿದ್ದು ಒಂದು ಡಿಸ್ಕ್, ಗ್ರಬ್ ಹೋಗಿ ಕುಳಿತದ್ದು ಇನ್ನೊಂದರ ಇಎಫ್‌ಐ ವಿಭಾಗದಲ್ಲಿ (ಬೂಟ್ ಕಡತಗಳಿಗೆಂದೇ ಇರುವ ಪುಟ್ಟ ಜಾಗ). ಬಯೋಸ್ (ಚಾಲೂ ಮಾಡಿದೊಡನೆ ಓಡುವ, ಬೋರ್ಡಿನಲ್ಲೇ ಇರುವ ಫರ್ಮ್‌ವೇರ್) ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಪೆನ್ ಡ್ರೈವ್‌ನಿಂದ ಎದ್ದು, ಲಿನಕ್ಸ್ ಇರುವ ವಿಭಾಗ, ಇಎಫ್‌ಐ ವಿಭಾಗ ಎರಡನ್ನೂ ಮೌಂಟ್ ಮಾಡಿ (ಜೋಡಿಸಿ), ಕ್ರೂಟ್ ಆಗಿ, ಅಂದರೆ ಡಿಸ್ಕ್‌ನ ಲಿನಕ್ಸ್ ಒಳಗೇ ಹೊಕ್ಕು, ಗ್ರಬ್ ಹಾಕಿದೆ, ಎದ್ದಿತು. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ್ದು ಏಳದಂತೆ ತಡೆಯುವ ವ್ಯವಸ್ಥೆ) ಕೂಡ ಆಫ್ ಮಾಡಿಬಿಡಿ, ಅರ್ಧ ಪೀಡೆ ಅಲ್ಲೇ ತೊಲಗುತ್ತದೆ.

ಪುಣೆ, ಕೊಥ್ರೂಡ್‌ನಿಂದ: ಎಲ್ಲದಕ್ಕೂ ‘ಗ್ರಬ್ ಮತ್ತೆ ಹಾಕಿ’ ಎನ್ನುವವರಿಗೆ ದೊಡ್ಡ ನಮಸ್ಕಾರ. ಹಾಕಿ ಹಾಕಿ ನನಗೆ ಸಾಕಾಗಿತ್ತು. ಬೂಟ್ ಪಟ್ಟಿಯಲ್ಲಿ ಒಂದೇ ಪೆನ್ ಡ್ರೈವಿನ ಹೆಸರು ಎರಡು ಸಾಲುಗಳಲ್ಲಿ ಬರುತ್ತದೆ. ಒಂದರ ಮುಂದೆ ಯುಇಎಫ್‌ಐ (ಬೂಟ್ ಆಗುವ ಹೊಸ ಪದ್ಧತಿ) ಎಂದಿರುತ್ತದೆ, ಇನ್ನೊಂದು ಬೋಳು. ನಮ್ಮ ಮೈದುನ ಮಹಾಶಯರು ಬೋಳು ಸಾಲನ್ನೇ ಒತ್ತಿದ್ದರು. ಅಲ್ಲಿಗೆ ಎಲ್ಲವೂ ಲೆಗಸಿ, ಅಂದರೆ ಹಳೆಯ ಬಯೋಸ್ ಪದ್ಧತಿ. ಜಿಪಿಟಿ (ಹೊಸ ಮಾದರಿಯ ವಿಭಾಗ ಪಟ್ಟಿ) ಇರುವ ಡಿಸ್ಕ್‌ನಲ್ಲಿ ಲೆಗಸಿ ಗ್ರಬ್ ನಿಲ್ಲಬೇಕಾದರೆ 1 ಎಂಬಿಯ ಬಯೋಸ್ ಬೂಟ್ ವಿಭಾಗ ಬೇಕು, ಅದನ್ನು ಮಾಡಿದವರು ಯಾರು? ಪೆನ್ ಡ್ರೈವ್‌ನಿಂದ ಎದ್ದಾಗ ಸಿಸ್, ಅದರೊಳಗೆ ಫರ್ಮ್‌ವೇರ್, ಅದರೊಳಗೆ ಇಎಫ್‌ಐ ಎಂಬ ಫೋಲ್ಡರ್ (/sys/firmware/efi) ಇದೆಯೇ ನೋಡಿ. ಇಲ್ಲದಿದ್ದರೆ ನೀವೂ ಲೆಗಸಿಯೇ. ಇದು ತಿಳಿಯುವಷ್ಟರಲ್ಲಿ ಹಿಂಜವಡಿಯ ಕಚೇರಿಗೆ ರಜೆ ಹಾಕಿ ಸಂಬಳ ಕಡಿತವೂ ಆಗಿತ್ತು. ಅಂದ ಹಾಗೆ, ಎಸ್‌ಎಸ್‌ಡಿಗೆ 3,400 ಕೊಟ್ಟಿರಾ? ಪುಣೆಯ ತಪ್ಕೀರ್ ಗಲ್ಲಿಯಲ್ಲಿ ನಾನು 512 ಜಿಬಿಯದನ್ನು 2,700ಕ್ಕೆ ತಂದೆ.

ವಾಸ್ಕೋದಿಂದ: ಡೊಂಬಿವಲಿಯವರೇ, ಸೆಕ್ಯೂರ್ ಬೂಟ್ ಆಫ್ ಮಾಡಿ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳಬೇಡಿ. ನನ್ನ ಸಹೋದ್ಯೋಗಿ ಹಾಗೆ ಮಾಡಿದ, ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ 48 ಅಂಕಿಯ ಕೀಲಿ ಕೇಳಿತು, ಕೀಲಿ ಎಲ್ಲಿದೆಯೋ ದೇವರಿಗೇ ಗೊತ್ತು. ನನ್ನ ಯಂತ್ರದಲ್ಲಿ ಗ್ರಬ್ ಸರಿಯಾಗಿಯೇ ಇತ್ತು. ಯಾವುದರಿಂದ ಏಳಬೇಕು ಎಂಬ ಬೂಟ್ ನಮೂದು ಇರುವುದು ಡಿಸ್ಕ್‌ನಲ್ಲಲ್ಲ, ಬೋರ್ಡಿನ ಎನ್‌ವಿರ‍್ಯಾಮ್‌ನಲ್ಲಿ. ನನ್ನ ಫರ್ಮ್‌ವೇರ್ ಅದನ್ನು ಪ್ರತಿ ಸಲ ಅಳಿಸಿ ಹಾಕುತ್ತಿತ್ತು. ಮಡಗಾಂವ್‌ನ ರಿಪೇರಿಯವನು ‘ಸಮುದ್ರದ ಉಪ್ಪು ಗಾಳಿಗೆ ಬೋರ್ಡ್ ತುಕ್ಕು ಹಿಡಿದಿದೆ, 9,500 ಆಗುತ್ತದೆ’ ಎಂದ. ಇಎಫ್‌ಐ ವಿಭಾಗದ ಬೂಟ್ ಫೋಲ್ಡರಿಗೆ ಶಿಮ್ (ಸೆಕ್ಯೂರ್ ಬೂಟ್ ಒಪ್ಪುವ ಸಹಿಯಿದ್ದು ಗ್ರಬ್ಬನ್ನು ಎಬ್ಬಿಸುವ ಕಡತ) ಮತ್ತು ಗ್ರಬ್ ಎರಡನ್ನೂ ನಕಲಿಸಿ, ಶಿಮ್‌ಗೆ ಬೂಟ್‌ಎಕ್ಸ್64 ಎಂದು ಹೆಸರಿಟ್ಟೆ. ನಮೂದು ಇಲ್ಲದಿದ್ದರೆ ಫರ್ಮ್‌ವೇರ್ ಹುಡುಕುವುದು ಆ ಹೆಸರನ್ನೇ. ತುಕ್ಕು ಎಲ್ಲಿಗೆ ಹೋಯಿತೋ ಕಾಣೆ! ಸೆಕ್ಯೂರ್ ಬೂಟ್ ಈಗಲೂ ಆನ್ ಇದೆ.

ಡೊಂಬಿವಲಿಯಿಂದ: ಹಾಗಾದರೆ 2024ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಬಂದಾಗ, ಎರಡೂ ಇಟ್ಟುಕೊಂಡವರ ಲಿನಕ್ಸ್ ಶಿಮ್ ಹಳೆಯದೆಂದು ನಿಂತೇ ಹೋಯಿತಲ್ಲ, ಅದು ಯಾರ ಪುಣ್ಯ? ಸೆಕ್ಯೂರ್ ಬೂಟ್‌ನದ್ದೇ. ಕೊಥ್ರೂಡ್ ಮೇಡಂ, 2,700ರ ಮಾಲಿಗೆ ಬಿಲ್ ಕೊಟ್ಟಿದ್ದಾರೆಯೇ? ಬಿಲ್ ಇಲ್ಲದಿದ್ದರೆ ವಾರಂಟಿ ಎಲ್ಲಿಂದ ಬಂತು?

ಮುಲುಂಡ್‌ನಿಂದ: ಬಿಟ್‌ಲಾಕರ್ ಪ್ರಶ್ನೆಯೇ ಇಲ್ಲ, ನನ್ನಲ್ಲಿ ವಿಂಡೋಸ್ ಇಲ್ಲ. ಮೇಡಂ ಹೇಳಿದ ಇಎಫ್‌ಐ ಫೋಲ್ಡರ್ ಕಾಣಿಸುತ್ತಿದೆ. ಮುಂದೇನು?

ಪುಣೆ, ಕೊಥ್ರೂಡ್‌ನಿಂದ: ಬಿಲ್ ಇದೆ, ಅದರಲ್ಲಿ ಶೇ. 18 ಜಿಎಸ್‌ಟಿಯೂ ಇದೆ. ಡಿಸ್ಕ್ ಬದುಕಿದೆಯೋ ಸತ್ತಿದೆಯೋ ನೋಡದೆ ಹೊಸದು ಕೊಂಡವರು ನನಗೆ ವಾರಂಟಿಯ ಪಾಠ ಹೇಳಬೇಕಾಗಿಲ್ಲ.

ಚೆಂಬೂರ್‌ನಿಂದ: ಕೇಳಿದವರನ್ನು ಬಿಟ್ಟು ಎಲ್ಲರೂ ಮಾತನಾಡುತ್ತಿದ್ದೀರಿ. ಮುಲುಂಡ್‌ನವರೇ, ಮೊದಲು ಮಗಳ ವರದಿಯನ್ನು ಬೇರೊಂದು ಪೆನ್ ಡ್ರೈವಿಗೆ ತೆಗೆದಿಡಿ. ಆಮೇಲೆ ಬೂಟ್ ನಮೂದುಗಳ ಪಟ್ಟಿ ತೋರಿಸುವ ಇಎಫ್‌ಐ ಬೂಟ್ ಮ್ಯಾನೇಜರ್ (efibootmgr) ಓಡಿಸಿ. ಪಟ್ಟಿಯಲ್ಲಿ ಉಬುಂಟು ಇದ್ದರೆ ಅದನ್ನು ಮೊದಲಿಗೆ ತನ್ನಿ, ಇಲ್ಲದಿದ್ದರೆ ಇಎಫ್‌ಐ ವಿಭಾಗ ಯಾವ ಡಿಸ್ಕ್‌ನಲ್ಲಿದೆ ಎಂದು ಹುಡುಕಿ. ನಾನಂತೂ ಇವೆಲ್ಲ ಬೇಡವೆಂದು ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ಗೆ ಹೋದೆ.

ವಾಸ್ಕೋದಿಂದ: ಡೆಬಿಯನ್‌ಗೇನು ಬೇರೆ ಫರ್ಮ್‌ವೇರ್ ಇದೆಯೇ ಸ್ವಾಮಿ? ಅಲ್ಲೂ ಅದೇ ಗ್ರಬ್, ಅದೇ ಶಿಮ್.

ಡೊಂಬಿವಲಿಯಿಂದ: ಮೇಡಂ, ಬಿಲ್‌ನ ಫೋಟೋ ಹಾಕಿ. ಆಮೇಲೆ ಮಾತನಾಡೋಣ.