ಅಪ್‌ಡೇಟ್: ಕಾರು ಜಗ್ಗುತ್ತಿದ್ದದ್ದಕ್ಕೆ ಕಾರಣ ಸಿಕ್ಕಿತು

ಮೂರನೇ ಗೇರಿನಲ್ಲಿ 1200 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಇದ್ದಾಗ ಆಕ್ಸಿಲರೇಟರ್ ಒತ್ತಿದರೆ ಕಾರು ಜಗ್ಗಿ ಜಗ್ಗಿ ಹೋಗುತ್ತದೆ, ಯಾಕೆ ಅಂತ ಕೇಳಿದ್ದೆ. ಗೇರ್ ಇಳಿಸಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅರ್ಧ ಉತ್ತರ ಅಲ್ಲೇ ಇತ್ತು.

ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಮಾತ್ರ ಪೆಟ್ರೋಲ್ ಉರಿಯುತ್ತದೆ. ಅಂದರೆ 1000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 33 ಸಲ. ಅಷ್ಟು ನಿಧಾನಕ್ಕೆ ತಿರುಗುವಾಗ ಜೋರಾಗಿ ಒತ್ತಿದರೆ ಆ ಏರಿಳಿತವನ್ನು ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಪೂರ್ತಿ ಸಮ ಮಾಡಲಾರದು, ಒಂದೊಂದು ಏಟೂ ಗೇರ್‌ಬಾಕ್ಸ್ ದಾಟಿ ನಮ್ಮ ಸೀಟಿಗೇ ಬಂದು ಮುಟ್ಟುತ್ತದೆ.

ಆದರೆ ಎರಡನೇ ಗೇರಿಗೆ ಇಳಿಸಿ 2000 ದಾಟಿಸಿದರೂ ಕಾಲು ಒತ್ತಿದ ಕೂಡಲೇ ಟಕ್ ಅಂತ ಒಂದು ಏಟು ಉಳಿದೇ ಇತ್ತು. ಬಾನೆಟ್ ಎತ್ತಿ, ನಿಂತಲ್ಲೇ ಸ್ವಲ್ಪ ರೇಸ್ ಕೊಡಿಸಿ ನೋಡಿದೆ. ಎಂಜಿನ್ ಒಂದು ಪಕ್ಕ ಎದ್ದೆದ್ದು ಕೂರುತ್ತಿತ್ತು! ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಮೌಂಟಿನ ರಬ್ಬರ್ ಹರಿದು ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್, ಕಾಯಿಲ್ ಚೆನ್ನಾಗಿಯೇ ಇದ್ದವು, ಸುಮ್ನೆ ಬದಲಾಯಿಸಲಿಲ್ಲ.

ಹೊಸ ಮೌಂಟ್ ಹಾಕಿದ ಮೇಲೆ ಆ ಏಟು ಹೋಯಿತು. 1200ರಲ್ಲಿ ಜಾಸ್ತಿ ಒತ್ತಿದರೆ ಈಗಲೂ ಗುಡುಗುಡು ಅನ್ನುತ್ತದೆ, ಅದು ಕಾರಿನ ತಪ್ಪಲ್ಲ ಅಲ್ವಾ. ಗೇರ್ ಇಳಿಸುತ್ತೇನೆ.